ಉಚಿತವಾಗಿ ಸಿಕ್ಕಿದ್ದೆಲ್ಲ ಉಚಿತವೇ?

ಮೇ ತಿಂಗಳು, ಮದುವೆಯ ಹಂಗಾಮು ಮುಗಿಯುತ್ತ ಬಂದಿತ್ತು. ಶಿರಸಿಯ ಒಂದು ಫೋಟೊ ಸ್ಟುಡಿಯೋದಿಂದ ಕರೆ ಬಂತು. "ಹೆಗಡೆಯವರೇ, ಬ್ಯಾಂಕಿನ ಸೈಟ್ ತೆರೆಯುತ್ತಲೇ ಇಲ್ಲ. ಬೆಳಗಿನಿಂದ ಗುದ್ದಾಡುತ್ತಿದ್ದೇನೆ. ಒಮ್ಮೆ ಬಂದು ಹೋಗಿ ಮಾರಾಯರೇ."

ಹೋಗಿ ನೋಡಿದರೆ ಇಂಟರ್ನೆಟ್ ಸರಿಯಾಗಿಯೇ ಇತ್ತು. ಬ್ರೌಸರ್ ಮಾತ್ರ 'ನಿಮ್ಮ ಗಡಿಯಾರ ಹಿಂದಿದೆ' ಎಂದು ಹಟ ಹಿಡಿದು ಕುಳಿತಿತ್ತು. ಪರದೆಯ ಕೆಳಗಿನ ಬಲಮೂಲೆಯಲ್ಲಿ ಡಿಸೆಂಬರ್ ತಿಂಗಳ ತಾರೀಕು. ಒಳಗಿನ ಪುಟ್ಟ ಬ್ಯಾಟರಿ ಸತ್ತಿರಬೇಕು ಎಂದುಕೊಂಡು ತಿದ್ದಲು ಹೋದೆ. ಅವರು ಗಾಬರಿಯಿಂದ ಮೌಸ್ ಹಿಡಿದುಕೊಂಡರು. "ಅದನ್ನು ಮುಟ್ಟಬೇಡಿ! ತಾರೀಕು ಸರಿ ಮಾಡಿದರೆ ಆಲ್ಬಮ್ ಮಾಡುವ ಸಾಫ್ಟ್‌ವೇರ್ ನಿಂತುಹೋಗುತ್ತದೆ."

ಡಿಸೆಂಬರಿನಲ್ಲಿ ಮೂವತ್ತು ದಿನದ ಟ್ರಯಲ್, ಅಂದರೆ ಕೊಳ್ಳುವ ಮೊದಲು ಬಳಸಿ ನೋಡಲು ಕಂಪನಿಯೇ ಪುಕ್ಕಟೆ ಕೊಡುವ ಪ್ರತಿ, ಹಾಕಿಕೊಂಡಿದ್ದರು. ಅವಧಿ ಮುಗಿಯುವ ಹೊತ್ತಿಗೆ ಗಡಿಯಾರವನ್ನು ಮೊದಲ ವಾರಕ್ಕೆ ತಿರುಗಿಸಿದರು. ಮತ್ತೆ ಮುಗಿಯುತ್ತ ಬಂದಾಗ ಮತ್ತೆ ತಿರುಗಿಸಿದರು. ಹೊರಗೆ ಮಾವು ಹಣ್ಣಾಗಿದ್ದರೂ ಆ ಕಂಪ್ಯೂಟರಿನಲ್ಲಿ ಐದು ತಿಂಗಳಿನಿಂದ ಡಿಸೆಂಬರ್ ಮುಗಿದಿರಲಿಲ್ಲ. ಬ್ಯಾಂಕಿನಂಥ ಸುರಕ್ಷಿತ ಸೈಟುಗಳು ತಮ್ಮ ಗುರುತಿಗೆ ಒಂದು ಡಿಜಿಟಲ್ ಪ್ರಮಾಣಪತ್ರ ತೋರಿಸುತ್ತವೆ. ಅದು ಇಂಥ ದಿನದಿಂದ ಇಂಥ ದಿನದವರೆಗೆ ಎಂದು ನಮೂದಾಗಿರುತ್ತದೆ. ಬ್ಯಾಂಕು ಹೊಸ ಪತ್ರ ಮಾಡಿಸಿಕೊಂಡಿತ್ತು. ಡಿಸೆಂಬರಿನಲ್ಲೇ ನಿಂತ ಕಂಪ್ಯೂಟರಿಗೆ ಅದು ಮುಂದಿನ ತಾರೀಕಿನ ಚೆಕ್ ಇದ್ದಂತೆ, ಒಪ್ಪುವುದಾದರೂ ಹೇಗೆ?

ಅದೇ ವಾರ ಕಾರವಾರದ ಒಂದು ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟಿಕೊಡುವ) ಅಂಗಡಿಗೆ ಮೇಲ್ ಬಂದಿತ್ತು. 'ನಿಮ್ಮಲ್ಲಿ ಪರವಾನಗಿ ಇಲ್ಲದ ತಂತ್ರಾಂಶ ಬಳಕೆಯಲ್ಲಿದೆ' ಎಂಬ ಒಕ್ಕಣೆ. ಛಾಯಾಗ್ರಾಹಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದು ಹರಿದಾಡಿ, ನನ್ನ ಫೋನಿಗೆ ಬಿಡುವಿಲ್ಲದಂತಾಯಿತು. ಕೇಳಿದವರದ್ದೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಟ್ರಯಲ್ ಎಂದು ಅವರೇ ಕೊಟ್ಟಿದ್ದಲ್ಲವೇ, ಅದರಲ್ಲಿ ತಪ್ಪೇನು?

ದುಡ್ಡು ಕೊಟ್ಟರೂ ನಾವು ಒಡೆಯರಲ್ಲ

ತಂತ್ರಾಂಶವೆಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಸೂಚನೆಗಳ ಕಟ್ಟು. ದುಡ್ಡು ಕೊಟ್ಟಾಗ ನಮಗೆ ಸಿಗುವುದು ಆ ಕಟ್ಟಿನ ಒಡೆತನವಲ್ಲ, ಅದನ್ನು ಬಳಸುವ ಅಪ್ಪಣೆ. ಅದಕ್ಕೇ ಪರವಾನಗಿ ಅಥವಾ ಲೈಸೆನ್ಸ್ ಎನ್ನುತ್ತಾರೆ. ಅಡಿಕೆ ತೋಟದ ಫಸಲು ಗುತ್ತಿಗೆ ಹಿಡಿದವನು ಆ ವರ್ಷದ ಕೊನೆ ಇಳಿಸಿಕೊಳ್ಳಬಹುದು. ಮರ ಕಡಿಯುವಂತಿಲ್ಲ, ತೋಟವನ್ನು ಇನ್ನೊಬ್ಬನಿಗೆ ಮಾರುವಂತಿಲ್ಲ. ಎಷ್ಟು ಕಾಲ, ಎಷ್ಟು ಕಂಪ್ಯೂಟರಿನಲ್ಲಿ, ಮನೆಗೋ ವ್ಯಾಪಾರಕ್ಕೋ ಎಂಬುದೆಲ್ಲ ಕರಾರಿನಲ್ಲಿ ಇರುತ್ತದೆ. ನಾವು ಓದದೆ 'ಒಪ್ಪಿದೆ' ಎಂದು ಒತ್ತುವ ಉದ್ದನೆಯ ಪಠ್ಯವೇ ಆ ಕರಾರು.

ನಾಲ್ಕು ಪದಗಳು, ನಾಲ್ಕು ಬಗೆ

ಇಂಗ್ಲಿಷಿನವರು ಎಲ್ಲಕ್ಕೂ 'ಫ್ರೀ' ಎಂದು ಹೇಳಿ ತಾವೂ ಗೊಂದಲಕ್ಕೆ ಬಿದ್ದು ಲೋಕವನ್ನೂ ಗೊಂದಲಕ್ಕೆ ಕೆಡವಿದ್ದಾರೆ. ಕನ್ನಡದಲ್ಲಿ ಉಚಿತ, ಪುಕ್ಕಟೆ, ಬಿಟ್ಟಿ, ಮುಕ್ತ ಎಂದು ನಾಲ್ಕು ಪದಗಳಿವೆ. ಮಾತಿನಲ್ಲಿ ಅದಲುಬದಲಾಗುವುದುಂಟು. ಆದರೂ ಈ ವಿಷಯದ ಮಟ್ಟಿಗೆ ಒಂದೊಂದನ್ನೂ ಬೇರೆಬೇರೆ ಕೆಲಸಕ್ಕೆ ಹಚ್ಚಬಹುದು.

'ಉಚಿತ' ಎಂದರೆ ದುಡ್ಡಿಲ್ಲದೆ ಎಂದೂ ಹೌದು, ಯೋಗ್ಯ ಎಂದೂ ಹೌದು. ಬೆಲೆ ಬೇಡವೆಂದು ಮಾಡಿದವರೇ ಮನಸಾರೆ ಹಂಚಿದ್ದಕ್ಕೆ ಈ ಪದ ಒಪ್ಪುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿ, ಸರ್ಕಾರದ ಬೆಂಬಲದಿಂದ ಜನರ ಕೈಗೆ ಬಂದ, ಕನ್ನಡ ಬರೆಯುವ ತಂತ್ರಾಂಶ 'ನುಡಿ' ಇದಕ್ಕೆ ಉದಾಹರಣೆ.

'ಪುಕ್ಕಟೆ'ಯಲ್ಲಿ ಸ್ವಲ್ಪ ವ್ಯಾಪಾರದ ವಾಸನೆ ಇದೆ. ಒಂದು ಕೊಂಡರೆ ಇನ್ನೊಂದು ಪುಕ್ಕಟೆ ಎನ್ನುತ್ತೇವಲ್ಲ, ಹಾಗೆ. ಟ್ರಯಲ್ ಈ ಜಾತಿಯದು.

'ಮುಕ್ತ' ತಂತ್ರಾಂಶದಲ್ಲಿ ಬೆಲೆಗಿಂತ ಸ್ವಾತಂತ್ರ್ಯ ಮುಖ್ಯ. ಬಳಸಬಹುದು, ಒಳಗಿನ ಬರಹವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಈ ಚಳವಳಿ ಶುರುವಾಯಿತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಅಂದರೆ ಕಂಪ್ಯೂಟರನ್ನೇ ನಡೆಸುವ ತಳಹದಿಯ ತಂತ್ರಾಂಶ, ಇದೇ ದಾರಿಯಲ್ಲಿ ಬೆಳೆಯಿತು. ನಿಮ್ಮ ಕಿಸೆಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆದರೆ ಅದರ ತಳದಲ್ಲಿ ಇರುವುದೂ ಲಿನಕ್ಸೇ.

ಇನ್ನು 'ಬಿಟ್ಟಿ'. ಇದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ ಎಂಬುದು ಅದರ ಮೂಲ ಅರ್ಥ. ಬಿಟ್ಟಿ ಚಾಕರಿ ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ಬೆಲೆ ಕಟ್ಟಿದ ತಂತ್ರಾಂಶವನ್ನು ಬೀಗ ಒಡೆದು ಬಳಸುವುದಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ. ನಮಗೆ ಬಿಟ್ಟಿ ಸಿಕ್ಕಿತು ಎಂದರೆ ಎಲ್ಲೋ ಯಾರೋ ಬಿಟ್ಟಿ ದುಡಿದಿದ್ದಾರೆ ಎಂದೇ.

ಮೂವತ್ತು ದಿನದ ಕರಾರು

ಟ್ರಯಲ್ ಹುಟ್ಟಿದ್ದು ನಂಬಿಕೆಯ ಮೇಲೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕೆಲವರು ತಮ್ಮ ತಂತ್ರಾಂಶವನ್ನು ಫ್ಲಾಪಿಯಲ್ಲಿ ಹಾಕಿ, ನಕಲು ಮಾಡಿ ಗೆಳೆಯರಿಗೂ ಕೊಡಿ, ಇಷ್ಟವಾದರೆ ಮಾತ್ರ ಹಣ ಕಳಿಸಿ ಎಂದರು. ಇದಕ್ಕೆ ಶೇರ್‌ವೇರ್ ಎಂದು ಹೆಸರಾಯಿತು. ಜಾಹೀರಾತಿಗೆ ದುಡ್ಡಿಲ್ಲದ ಸಣ್ಣ ತಯಾರಕರಿಗೆ ನಕಲು ಮಾಡುವವರೇ ಪ್ರಚಾರಕರಾದರು. 1993ರಲ್ಲಿ ಬಂದ 'ಡೂಮ್' ಆಟದ ಮೊದಲ ಕಂತು ಹೀಗೆಯೇ ಹಂಚಿಕೆಯಾಯಿತು. ಮುಂದಿನ ಕಂತುಗಳಿಗೆ ಹಣ ಕೊಡಬೇಕಿತ್ತು.

ಆಮೇಲೆ ನಂಬಿಕೆಯ ಜಾಗಕ್ಕೆ ಬೀಗ ಬಂತು. ಸರಳವಾದ ಬೀಗ ಹೀಗಿರುತ್ತದೆ: ತಂತ್ರಾಂಶವು ತನ್ನನ್ನು ಅಳವಡಿಸಿದ ದಿನವನ್ನು ಕಂಪ್ಯೂಟರಿನ ಒಳಮೂಲೆಯಲ್ಲಿ ಬರೆದಿಡುತ್ತದೆ. ಪ್ರತಿ ಸಲ ತೆರೆದಾಗ ಇಂದಿನ ತಾರೀಕಿನಿಂದ ಅದನ್ನು ಕಳೆಯುತ್ತದೆ. ಮೂವತ್ತು ದಾಟಿದರೆ ಬಾಗಿಲು ಹಾಕುತ್ತದೆ. ನಮ್ಮ ಸ್ಟುಡಿಯೋದವರು ಗೆದ್ದದ್ದು ಈ ಕಳೆಯುವ ಲೆಕ್ಕವನ್ನು. ಈಗಿನ ಹೆಚ್ಚಿನ ತಂತ್ರಾಂಶಗಳು ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೇ (ಸರ್ವರ್) 'ಫೋನು ಹಚ್ಚಿ' ತಾರೀಕು ಕೇಳುವುದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಆಗ ಜನ ತಿಂಗಳಿಗೊಂದು ಹೊಸ ಇಮೇಲ್ ಹುಟ್ಟಿಸುತ್ತಾರೆ. ಅಥವಾ ಬೀಗವನ್ನೇ ಒಡೆಯುವ 'ಕ್ರ್ಯಾಕ್' ಹುಡುಕುತ್ತಾರೆ.

ಬೀಗವನ್ನೇ ಹಾಕದವರೂ ಇದ್ದಾರೆ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ವಿನ್‌ರಾರ್‌ಗೆ 40 ದಿನದ ಟ್ರಯಲ್ ಇದೆ. ಆದರೆ ನಲವತ್ತೊಂದನೆಯ ದಿನವೂ ಅದು ಕೆಲಸ ಮಾಡುತ್ತದೆ. 'ದಯವಿಟ್ಟು ಕೊಳ್ಳಿ' ಎಂಬ ಚೌಕವನ್ನು ತೋರಿಸಿ ಸುಮ್ಮನಾಗುತ್ತದೆ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಕರಾರು ಬದಲಾಗಿಲ್ಲ. ಒಪ್ಪಂದದ ಪ್ರಕಾರ ನಲವತ್ತು ದಿನದ ನಂತರ ಕೊಳ್ಳಬೇಕು ಇಲ್ಲವೇ ತೆಗೆದುಹಾಕಬೇಕು.

ಯಾರ ಗಂಟು ಹೋಯಿತು?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ನಾನು ನಿಮ್ಮ ಮನೆಯ ಅಡಿಕೆ ಚೀಲ ಹೊತ್ತೊಯ್ದರೆ ನಿಮಗೆ ಚೀಲ ಇಲ್ಲ. ನಿಮ್ಮ ತಂತ್ರಾಂಶದ ನಕಲು ಮಾಡಿಕೊಂಡರೆ ನಿಮ್ಮದು ನಿಮ್ಮಲ್ಲೇ ಇರುತ್ತದೆ. ಮೆಣಸಿನ ಬಳ್ಳಿಯ ಕುಡಿ ತಂದು ನೆಟ್ಟಂತೆ. ನಮ್ಮ ಕಡೆ ಒಳ್ಳೆಯ ಬಳ್ಳಿ ಇದ್ದವರ ಮನೆಯಿಂದ ಕುಡಿ ತರುವುದು, ಅಪ್ಪೆಮಿಡಿಯ ಕಸಿಗೆ ಕಡ್ಡಿ ಕೇಳುವುದು ತಲೆಮಾರುಗಳಿಂದ ಬಂದ ರೂಢಿ. ಯಾರೂ ಅದನ್ನು ಕಳ್ಳತನ ಎನ್ನುವುದಿಲ್ಲ. ಆದುದರಿಂದ ನಕಲು ಮಾಡುವುದನ್ನು ನೇರವಾಗಿ ಕಳವು ಎಂದು ಕರೆಯುವಾಗ ಹಳ್ಳಿಯ ಮನಸ್ಸು ಒಪ್ಪದೆ ಹಿಂಜರಿಯುವುದು ದಡ್ಡತನವಲ್ಲ.

ಆದರೆ ಕುಡಿ ತರುವಾಗ ನಾವು ಕೇಳಿ ತರುತ್ತೇವೆ. ಮತ್ತೆ ಬಳ್ಳಿಯನ್ನು ಯಾರೂ ಸಾಲ ಮಾಡಿ, ಸಂಬಳ ಕೊಟ್ಟು ಬರೆಸಿರುವುದಿಲ್ಲ. ತಂತ್ರಾಂಶದ ಮೊದಲ ಪ್ರತಿಗೆ ವರ್ಷಗಟ್ಟಲೆ ಖರ್ಚು, ಎರಡನೆಯ ಪ್ರತಿಗೆ ಹತ್ತಿರ ಹತ್ತಿರ ಸೊನ್ನೆ. ಇದಕ್ಕೆ ಯಕ್ಷಗಾನದ ಡೇರೆ ಮೇಳವೇ ಹೆಚ್ಚು ಹತ್ತಿರ. ಟಿಕೆಟ್ ಇಟ್ಟ ಆಟ. ಒಳಗೆ ಐವತ್ತು ಜನ ಕುಳಿತರೂ ಐನೂರು ಜನ ಕುಳಿತರೂ ಭಾಗವತರು ಅಷ್ಟೇ ಹಾಡಬೇಕು, ಚಂಡೆ ಅಷ್ಟೇ ಬಾರಿಸಬೇಕು. ಹುಡುಗನೊಬ್ಬ ಡೇರೆಯ ಅಂಚು ಎತ್ತಿ ನುಸುಳಿದರೆ ಯಾರ ಕುರ್ಚಿಯೂ ಕಡಿಮೆಯಾಗುವುದಿಲ್ಲ. ನಾನೂ ಒಮ್ಮೆ ನುಸುಳಿದವನೇ, ಮೊಣಕೈ ತರಚಿಕೊಂಡದ್ದು ನೆನಪಿದೆ. ಆದರೆ ಎಲ್ಲರೂ ಅಂಚು ಎತ್ತಿದರೆ ಮರುವರ್ಷ ಡೇರೆ ಬರುವುದಿಲ್ಲ. ಹರಕೆಯ ಬಯಲಾಟದಲ್ಲಿ ಯಾರೋ ಒಬ್ಬರು ಖರ್ಚು ಹೊತ್ತು ಊರಿಗೆಲ್ಲ ತೋರಿಸುತ್ತಾರೆ. ಮೇಲೆ ಹೇಳಿದ 'ನುಡಿ' ಆ ಬಗೆಯದು. ಬಯಲಾಟದ ಲೆಕ್ಕವನ್ನು ಡೇರೆಗೆ ಹಚ್ಚುವಲ್ಲಿ ನಮ್ಮ ಎಡವಟ್ಟು.

ಈ ವಾದ ಹೊಸದಲ್ಲ. 1976ರ ಫೆಬ್ರುವರಿಯಲ್ಲಿ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದರು. ಆಲ್ಟೇರ್ ಎಂಬ ಯಂತ್ರಕ್ಕೆ ತಾವು ಬರೆದ 'ಬೇಸಿಕ್' ಎಂಬ ತಂತ್ರಾಂಶವನ್ನು ಆ ಯಂತ್ರವಿದ್ದವರಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಜನ ಕೊಂಡಿದ್ದಾರೆ, ಲೆಕ್ಕ ಹಾಕಿದರೆ ನಮ್ಮ ದುಡಿಮೆಗೆ ಗಂಟೆಗೆ 2 ಡಾಲರೂ ಗಿಟ್ಟಿಲ್ಲ ಎಂಬುದು ಅವರ ಅಳಲು. ಅದೇ ಗೇಟ್ಸ್ 1998ರಲ್ಲಿ ಚೀನಾದ ಬಗ್ಗೆ ಮಾತಾಡುವಾಗ, ಹೇಗೂ ಕದಿಯುವವರು ನಮ್ಮದನ್ನೇ ಕದಿಯಲಿ, ರೂಢಿಯಾದ ಮೇಲೆ ವಸೂಲಿಗೆ ದಾರಿ ಹುಡುಕೋಣ ಎಂಬ ಅರ್ಥದ ಮಾತನ್ನಾಡಿದರು. ದೊಡ್ಡ ಕಂಪನಿಗೆ ನಕಲು ಪ್ರತಿ ಕೆಲವೊಮ್ಮೆ ಬಿತ್ತನೆಯೂ ಹೌದು ಎಂಬುದನ್ನು ಇದು ತೋರಿಸುತ್ತದೆ. ಇಬ್ಬರು ಮೂವರು ಸೇರಿ ಕಟ್ಟಿದ ಸಣ್ಣ ತಂತ್ರಾಂಶಕ್ಕೆ ಅಷ್ಟು ಕಾಯುವ ತ್ರಾಣ ಇರುವುದಿಲ್ಲ.

ಕಂಪನಿಯ ಮಾತು ಬಿಡೋಣ. ಆ ದಿನ ಸ್ಟುಡಿಯೋದಲ್ಲಿ ಕುಳಿತಿದ್ದಾಗ ಮೇಜಿನ ಮೇಲೆ ಒಂದು ಮದುವೆಯ ಮಾದರಿ ಪ್ರತಿಗಳಿದ್ದವು. ಪ್ರತಿಯೊಂದರಲ್ಲೂ ಮದುಮಗಳ ಮುಖದ ಮೇಲೆ ಅಡ್ಡಲಾಗಿ 'ಸ್ಯಾಂಪಲ್' ಎಂಬ ಬೂದು ಅಕ್ಷರ. ಅದೇಕೆ ಎಂದೆ. "ಇಲ್ಲದಿದ್ದರೆ ಮೊಬೈಲಿನಲ್ಲೇ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಪ್ರಿಂಟ್ ಹಾಕಿಸುತ್ತಾರೆ. ಆಲ್ಬಮಿಗೆ ಬರುವುದೇ ಇಲ್ಲ. ನಮ್ಮ ರಾತ್ರಿ ನಿದ್ದೆಗೆ ಬೆಲೆಯೇ ಇಲ್ಲವೇ?" ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಕಂಪ್ಯೂಟರಿನ ಮೂಲೆಯ ಡಿಸೆಂಬರ್ ನೋಡಿದರು. ಮತ್ತೆ ಇಬ್ಬರೂ ಚಹಾ ತರಿಸಿದೆವು.

ಇನ್ನೊಂದು ಲೆಕ್ಕವೂ ಇದೆ. ಪಕ್ಕದ ಬೀದಿಯಲ್ಲಿ ಪರವಾನಗಿ ಕೊಂಡು ಕೆಲಸ ಮಾಡುವ ಸ್ಟುಡಿಯೋ ಇದ್ದರೆ ಅದು ಆ ಖರ್ಚನ್ನು ಗಿರಾಕಿಯಿಂದಲೇ ಹುಟ್ಟಿಸಬೇಕು. ಬಿಟ್ಟಿ ಬಳಸುವವರು ಕಡಿಮೆ ದರ ಹೇಳಿ ಆ ಮದುವೆಯನ್ನು ಹಿಡಿಯುತ್ತಾರೆ. ಪೆಟ್ಟು ಬಿದ್ದದ್ದು ದೂರದ ಕಂಪನಿಗಿಂತ ಹೆಚ್ಚಾಗಿ ನಮ್ಮೂರಿನವರಿಗೇ.

ಕೊಳ್ಳುತ್ತೇನೆಂದರೂ ಸಿಗದದ್ದು

ಡಿಟಿಪಿ ಅಂಗಡಿಗಳ ಕಥೆ ಬೇರೆ. ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ ಮಾಡುವ ಎಷ್ಟೋ ಕಡೆ ಇಂದಿಗೂ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶ ಓಡುತ್ತಿದೆ. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಕಂಪನಿ ಅದನ್ನು ಕೈಬಿಟ್ಟಿತು. ಅಂಗಡಿಯವರಿಗೆ ಬಿಡಲಾಗದಿರುವುದಕ್ಕೆ ಕಾರಣ ಕನ್ನಡ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರಶೈಲಿಗಳಲ್ಲಿ ಮಾಡಿದ ವರ್ಷಗಟ್ಟಲೆಯ ಕಡತಗಳು ಅದರಲ್ಲಿವೆ. ಒತ್ತು, ದೀರ್ಘ, ಅರ್ಕಾವೊತ್ತು ಎಲ್ಲ ಅದರಲ್ಲಿ ಕೂರುವ ರೀತಿಗೇ ಕೈ ಪಳಗಿದೆ. ಹೊಸದಕ್ಕೆ ಹೋದರೆ ಹಳೆಯದನ್ನೆಲ್ಲ ಪರಿವರ್ತಿಸಿ ಕರಡು ತಿದ್ದಬೇಕು.

ತಯಾರಕರು ಮಾರುವುದನ್ನೇ ನಿಲ್ಲಿಸಿದ ತಂತ್ರಾಂಶದ ನಕಲು ಬಳಸಿದರೆ ಯಾರಿಗೆ ನಷ್ಟ? ನೀತಿಯ ಕಣ್ಣಿನಲ್ಲಿ ಇಲ್ಲಿ ತಪ್ಪಿನ ತೂಕ ಕಡಿಮೆ ಎಂದೇ ನನಗನ್ನಿಸುತ್ತದೆ. ಕಾನೂನು ಮಾತ್ರ ಈ ಭೇದ ಮಾಡುವುದಿಲ್ಲ. ಮಾರಾಟ ನಿಂತರೂ ಕೃತಿಸ್ವಾಮ್ಯ ನಿಲ್ಲುವುದಿಲ್ಲ. ಎಂದೋ ಅಸಲಿ ಪ್ರತಿ ಕೊಂಡವರು ಆ ಡಿಸ್ಕನ್ನೂ ರಸೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಲಿ.

ಕ್ರ್ಯಾಕ್ ಒಳಗೆ ಏನಿರುತ್ತದೆ

ಕ್ರ್ಯಾಕ್ ಎಂದರೆ ತಂತ್ರಾಂಶದೊಳಗೆ 'ಹಣ ಸಂದಿದೆಯೇ?' ಎಂದು ಕೇಳುವ ಜಾಗವನ್ನು ಹುಡುಕಿ, ಯಾವಾಗಲೂ 'ಹೌದು' ಎನ್ನುವಂತೆ ತಿದ್ದುವುದು. ಕೀಜೆನ್ ಎಂಬುದು ಅಸಲಿಯಂತೆ ಕಾಣುವ ಸಂಖ್ಯೆಯನ್ನು ಹೊಸೆದುಕೊಡುವ ಪುಟ್ಟ ಯಂತ್ರ. ಎರಡರ ಜೊತೆಗೂ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ಮೊದಲು ಆ್ಯಂಟಿವೈರಸ್ ಆಫ್ ಮಾಡಿ. ಮನೆಗೆ ಬರುವ ಅಪರಿಚಿತ 'ನಾಯಿಯನ್ನು ಕಟ್ಟಿಹಾಕಿ' ಎಂದರೆ ನಮಗೆ ಅನುಮಾನ ಬರುತ್ತದೆ. ಇಲ್ಲಿ ಮಾತ್ರ ನಾವೇ ಕಟ್ಟಿಹಾಕಿ ಬಾಗಿಲು ತೆರೆಯುತ್ತೇವೆ.

'ಸ್ಟಾಪ್' ಅಥವಾ 'ಡಿಜೆವು' ಎಂದು ಕರೆಯುವ ಸುಲಿಗೆಯ ಕುತಂತ್ರಾಂಶ ಹರಡಿದ್ದೇ ಹೆಚ್ಚಾಗಿ ಇಂಥ ಕ್ರ್ಯಾಕುಗಳ ಬೆನ್ನೇರಿ. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಬೇಕಾದರೆ ಹಣ ಕೊಡಿ ಎನ್ನುತ್ತದೆ. ಕುಮಟಾ ಕಡೆಯ ಒಂದು ಅಂಗಡಿಯಲ್ಲಿ ನಾನು ಕಂಡದ್ದು: ನಾಲ್ಕು ಮದುವೆಗಳ ಚಿತ್ರಗಳು, ಪ್ರತಿಯೊಂದರ ಹೆಸರಿನ ಬಾಲಕ್ಕೂ ಅರ್ಥವಿಲ್ಲದ ನಾಲ್ಕು ಅಕ್ಷರ. ಒಂದೂ ತೆರೆಯಲಿಲ್ಲ. ಬೇರೆ ಪ್ರತಿ ಇಟ್ಟಿರಲಿಲ್ಲ. ಮದುವೆಯನ್ನು ಮತ್ತೊಮ್ಮೆ ಮಾಡಿಸುವುದು ಸಾಧ್ಯವೇ?

ಕಂಪನಿಯವರ ತಕ್ಕಡಿಯೂ ಸರಿಯಿರಬೇಕು

ನೀತಿ ಎಂದರೆ ಬಳಸುವವನಿಗೆ ಮಾತ್ರ ಹೇಳುವ ಉಪದೇಶವಲ್ಲ. ಏಳು ದಿನ ಪುಕ್ಕಟೆ ಎಂದು ಕಾರ್ಡಿನ ಸಂಖ್ಯೆ ಪಡೆದು, ಎಂಟನೆಯ ದಿನ ಸದ್ದಿಲ್ಲದೆ ವರ್ಷದ ಚಂದಾ ಕಡಿಯುವುದು, ರದ್ದು ಮಾಡುವ ಗುಂಡಿಯನ್ನು ಆರು ಪುಟಗಳ ಹಿಂದೆ ಬಚ್ಚಿಡುವುದು, ಇದೂ ಕರಾರಿನ ದುರುಪಯೋಗವೇ. ನನ್ನ ಖಾತೆಯಿಂದಲೇ ಹೀಗೊಮ್ಮೆ ಹಣ ಹೋಗಿದೆ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ರದ್ದು ಮಾಡಲಾಗದಂತೆ ಸಿಕ್ಕಿಸುವ ಚಂದಾದ ಬಲೆಯೂ, ಟ್ರಯಲ್ ಮುಗಿದು ಹಣ ಕಡಿಯುವುದನ್ನು ತಿಳಿಸದಿರುವುದೂ ಅದರಲ್ಲಿವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ಮತ್ತೆ ಮತ್ತೆ ತಾನಾಗಿ ಹಣ ಕಡಿಯುವ ಮೊದಲು ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ಸಂದೇಶ ಬರಬೇಕು. ಆ ಸಂದೇಶದಿಂದಲೇ ಬೇಡವೆಂದು ನಿಲ್ಲಿಸಲೂಬಹುದು. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕಾನೂನು ಏನು ಹೇಳುತ್ತದೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ತಂತ್ರಾಂಶವನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿ ಇಟ್ಟಿದೆ. ಕವಿತೆಗೂ ಕಂಪ್ಯೂಟರ್ ಕೋಡಿಗೂ ಒಂದೇ ಪಂಕ್ತಿ ಎಂದರೆ ನಗು ಬರಬಹುದು, ಆದರೆ ಇರುವುದು ಹಾಗೆ. ಕಾಯ್ದೆಯ 63ಬಿ ಕಲಂ ಪ್ರಕಾರ, ಅಕ್ರಮ ನಕಲು ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನಕ್ಕೆ ಕಡಿಮೆಯಿಲ್ಲದೆ 3 ವರ್ಷದವರೆಗೆ ಸೆರೆ, 50,000 ರೂಪಾಯಿಗೆ ಕಡಿಮೆಯಿಲ್ಲದೆ 2 ಲಕ್ಷದವರೆಗೆ ದಂಡ. ಲಾಭಕ್ಕೋ ವ್ಯಾಪಾರಕ್ಕೋ ಬಳಸಿಲ್ಲವೆಂದಾದರೆ ನ್ಯಾಯಾಲಯ ಸೆರೆವಾಸ ಬಿಟ್ಟು 50,000 ರೂಪಾಯಿಯವರೆಗಿನ ದಂಡಕ್ಕೆ ನಿಲ್ಲಿಸಬಹುದು. ಸ್ಟುಡಿಯೋ, ಡಿಟಿಪಿ ಅಂಗಡಿ ವ್ಯಾಪಾರದ ಸಾಲಿಗೇ ಬರುತ್ತವೆ.

ಅದೇ ಕಾಯ್ದೆ 52ನೆಯ ಕಲಮಿನಲ್ಲಿ ಬಳಕೆದಾರನ ಪರವಾಗಿಯೂ ಮಾತಾಡುತ್ತದೆ. ನ್ಯಾಯವಾಗಿ ಪಡೆದ ತಂತ್ರಾಂಶ ಕಳೆದುಹೋದೀತು, ಹಾಳಾದೀತು ಎಂದು ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬಹುದು. ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೂ ಅದರ ಪ್ರತಿ ಮಾಡಬಹುದು. ಗಮನಿಸಬೇಕಾದದ್ದು 'ನ್ಯಾಯವಾಗಿ ಪಡೆದ' ಎಂಬ ಮಾತನ್ನು.

ಕಾರವಾರದವರಿಗೆ ಬಂದಂಥ ಮೇಲ್ ಬಂದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ತಂತ್ರಾಂಶಗಳು ಕಂಪನಿಗೆ ಫೋನು ಹಚ್ಚುವುದರಿಂದ ಮೇಲ್ ನಿಜವೇ ಇರಬಹುದು. ಹೆದರಿಸಿ ಹಣ ಕೀಳುವ ಖದೀಮರದ್ದೂ ಇರಬಹುದು. ಅದರಲ್ಲಿನ ಕೊಂಡಿ ಒತ್ತಬೇಡಿ, ಹಣ ಹಾಕಬೇಡಿ. ಕಂಪನಿಯ ಅಧಿಕೃತ ಸೈಟಿನಿಂದ ಸಂಪರ್ಕ ಹುಡುಕಿ ವಿಚಾರಿಸಿ, ಉತ್ತರ ಬರೆಯುವ ಮೊದಲು ವಕೀಲರಿಗೆ ತೋರಿಸಿ.

ಪಿಡಿಎಫ್ ಪುಸ್ತಕಗಳ ಬಗ್ಗೆ ಕೇಳುವವರಿಗೆ ಎರಡೇ ಮಾತು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳು ತಾವಿದ್ದಾಗ ಪ್ರಕಟಿಸಿದ ಬರಹ 2024ರಿಂದ ಎಲ್ಲರದು. ನಮ್ಮ ಜಿಲ್ಲೆಯ ದಿನಕರ ದೇಸಾಯಿಯವರು ತೀರಿಕೊಂಡದ್ದು 1982ರಲ್ಲಿ, ಅವರ ಚುಟುಕಗಳಿಗೆ 2042 ಮುಗಿಯುವವರೆಗೆ ಹಕ್ಕುದಾರರಿದ್ದಾರೆ. ಕನ್ನಡದ ಪುಸ್ತಕ ಅಚ್ಚಾಗುವುದೇ ಐನೂರು, ಸಾವಿರ ಪ್ರತಿ. ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಷ್ಟೂ ಪ್ರತಿಗಳ ಓದುಗರಿರುತ್ತಾರೆ.

ಸ್ಟುಡಿಯೋದಲ್ಲಿ ಆಮೇಲೆ ಆದದ್ದು

ಚಹಾ ಕುಡಿದ ಮೇಲೆ ನಾವು ಪಟ್ಟಿ ಮಾಡಿದೆವು. ಮೂರು ಕಂಪ್ಯೂಟರ್. ಆಲ್ಬಮಿನ ತಂತ್ರಾಂಶ ನಿಜವಾಗಿ ಬೇಕಿದ್ದದ್ದು ಒಂದರಲ್ಲಿ ಮಾತ್ರ. ಅದಕ್ಕೆ ತಿಂಗಳ ಚಂದಾ ಕಟ್ಟಿ, ಮಳೆಗಾಲದಲ್ಲಿ ಮದುವೆ ಇಲ್ಲದಾಗ ನಿಲ್ಲಿಸುವುದೆಂದು ಲೆಕ್ಕ ಹಾಕಿದರು. ಉಳಿದ ಎರಡಕ್ಕೆ ಚಿತ್ರ ತಿದ್ದಲು ಗಿಂಪ್, ಗೆರೆಚಿತ್ರಕ್ಕೆ ಇಂಕ್‌ಸ್ಕೇಪ್, ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆ ಆಫೀಸ್ ಹಾಕಿಕೊಟ್ಟೆ. ಮೂರೂ ಮುಕ್ತ ತಂತ್ರಾಂಶಗಳು. ಗಿಂಪ್ ಕೈಗೆ ಒಗ್ಗಲು ಸಮಯ ಬೇಕು, ಗುಂಡಿಗಳೆಲ್ಲ ಬೇರೆ ಬೇರೆ ಕಡೆ ಇವೆ. ಸಹಾಯಕನಾಗಿದ್ದ ಹುಡುಗ ಮೊದಲ ದಿನ ಬೈದುಕೊಂಡೇ ಕೆಲಸ ಮಾಡಿದ.

ಕೊನೆಗೆ ಗಡಿಯಾರವನ್ನು ಮೇ ತಿಂಗಳಿಗೆ ತಂದೆ. ಬ್ಯಾಂಕಿನ ಪುಟ ಒಂದೇ ಒತ್ತಿಗೆ ತೆರೆಯಿತು. ಅವರು ಹಣ ಕಟ್ಟಿ, ನನ್ನ ಕೂಲಿಯ ಬಿಲ್ ಕೇಳಿದರು. ಆಗ ಏನೋ ನೆನಪಾದಂತೆ ಕಪಾಟಿನಿಂದ ದಪ್ಪ ಫೈಲ್ ತೆಗೆದು ಮುಂದಿಟ್ಟರು. ಜನವರಿಯಿಂದ ಅದೇ ಕಂಪ್ಯೂಟರಿನಲ್ಲಿ ಮುದ್ರಿಸಿದ ಬಿಲ್ಲುಗಳ ಪ್ರತಿ. ಎಲ್ಲದರಲ್ಲೂ ಡಿಸೆಂಬರ್. ಕೆಲವಕ್ಕೆ ಪೆನ್ನಿನಿಂದ ತಿದ್ದಿದ್ದಾರೆ, ಹೆಚ್ಚಿನವು ಹಾಗೇ ಉಳಿದಿವೆ.

"ಜಿಎಸ್‌ಟಿಯವರಿಗೆ ಏನು ಹೇಳಲಿ ಹೆಗಡೆಯವರೇ?" ಎಂದರು.